ಬಿಚ್ಚಲು ಬರುವ ಹಾಗೆ ಅಂಟಿಸು

ತಂಗೆವ್ವಾ, ಹೊರದೇಶಕ್ಕೆ ಹೋಗಿ ವಯೊಲಿನ್ ದುರಸ್ತಿ ಕಲಿಸಬೇಕೆಂಬ ಕರೆ ನಿನಗೆ ಬಂದದ್ದು ಕೇಳಿ ನನಗಾದ ಸಂತೋಷ ಇಷ್ಟಷ್ಟಲ್ಲ. ಅಲ್ಲಿ ನಿನ್ನ ಮುಂದೆ ಮರಗೆಲಸದವರು ಕೂಡುತ್ತಾರೆ, ವಾದಕರು ಕೂಡುತ್ತಾರೆ, ಮಕ್ಕಳಿಗೆ ಸಂಗೀತ ಹೇಳಿಸುತ್ತಿರುವ ನಮ್ಮ ಕನ್ನಡದ ಮನೆಯವರೂ ಬರುತ್ತಾರೆ. ಕುಂದಗೋಳದ ಒಂದು ಪಡಸಾಲೆಯಲ್ಲಿ ಕೂತು ಕಲಿತ ಕೆಲಸ ಅಷ್ಟು ದೂರ ಹೋಗುತ್ತಿದೆ. ಹೋಗುವ ಮೊದಲು ಈ ಮುದುಕನ ನಾಲ್ಕು ಮಾತು ಕಿವಿಗೆ ಹಾಕಿಕೊಂಡು ಹೋಗು.

ನಿನಗೊಂದು ಅಳುಕಿದೆ. ವಯೊಲಿನ್ ಹುಟ್ಟಿದ್ದೇ ಅವರ ನೆಲದಲ್ಲಿ. ಜರ್ಮನಿಯ ಮಿಟೆನ್‌ವಾಲ್ಡಿನಲ್ಲಿ 1858ರಿಂದ, ಇಟಲಿಯ ಕ್ರೆಮೋನಾದಲ್ಲಿ 1938ರಿಂದ ಅದನ್ನು ಮಾಡಲು ಕಲಿಸುವ ಶಾಲೆಗಳಿವೆ. ಕ್ರೆಮೋನಾದ ಕೈಕಸುಬನ್ನು ಯುನೆಸ್ಕೊ 2012ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಅಂಥವರಿಗೆ ನಾನು ಕಲಿಸುವುದೇನು ಅಂತ ಕೇಳಿದೆಯಲ್ಲ, ಆ ಪ್ರಶ್ನೆ ನಿನ್ನಲ್ಲಿ ಹುಟ್ಟಿದ್ದು ಒಳ್ಳೆಯದೇ. ಮಾಡುವ ವಿದ್ಯೆಯಲ್ಲಿ ಅವರು ನಮಗಿಂತ ಬಹಳ ಮುಂದಿದ್ದಾರೆ, ಅದನ್ನು ಮೊದಲ ದಿನವೇ ಬಾಯಿಬಿಟ್ಟು ಹೇಳಿಬಿಡು. ಆದರೆ ಅವರ ಅಂಗಡಿಗೆ ಈಗ ಬರುವ ವಯೊಲಿನ್ನುಗಳಲ್ಲಿ ನಮ್ಮ ಮಕ್ಕಳು ನುಡಿಸುವವೂ ಇವೆ. ಅವು ಬೇರೆ ಬಾಳು ಬಾಳುವ ವಾದ್ಯಗಳು. ಆ ಬಾಳು ನಿನಗೆ ಗೊತ್ತು, ಅವರಿಗೆ ಗೊತ್ತಿಲ್ಲ.

ಅವರ ವಾದಕ ನಿಂತೋ ಕುರ್ಚಿಯ ಮೇಲೆ ಕೂತೋ ಗದ್ದದ ಕೆಳಗೆ ವಾದ್ಯ ಹಿಡಿಯುತ್ತಾನೆ. ನಮ್ಮವರು ಚಕ್ಕಳಮಕ್ಕಳ ಹಾಕಿ, ಸುರುಳಿಯ ತುದಿಯನ್ನು ಬಲಗಾಲಿನ ಪಾದಕ್ಕೆ ಆನಿಸಿ, ಇನ್ನೊಂದು ತುದಿಯನ್ನು ಎದೆಗೆ ಒತ್ತಿಕೊಳ್ಳುತ್ತಾರೆ. ವಾದ್ಯ ಎರಡೂ ಕಡೆಯಿಂದ ಒತ್ತಡದಲ್ಲಿ ಸಿಕ್ಕಿರುತ್ತದೆ. ಎಡಗೈಗೆ ಹಿಡಿಯುವ ಕೆಲಸ ಉಳಿಯುವುದಿಲ್ಲ, ಅದು ಪೂರ್ತಿ ಜಾರಲು ಬಿಡುವಾಗುತ್ತದೆ. ಮೀಂಡು, ಗಮಕ ಎಲ್ಲ ಆ ಜಾರಿನಲ್ಲೇ ಹುಟ್ಟುತ್ತವೆ. ಹಾಗಾಗಿ ನಮ್ಮ ವಯೊಲಿನ್ನಿನ ಬೆರಳುಹಲಗೆ ಸವೆಯುವ ರೀತಿಯೇ ಬೇರೆ. ಒಂದೊಂದು ಜಾಗದಲ್ಲಿ ಗುಳಿ ಬೀಳುವ ಬದಲು ಉದ್ದುದ್ದಕ್ಕೆ ಗೀರು ಬೀಳುತ್ತದೆ. ತಂತಿ ಕಟ್ಟುವುದೂ ಬೇರೆ. ಅವರ ನಾಲ್ಕು ತಂತಿ ಒಂದರಿಂದೊಂದು ಐದನೆಯ ಸ್ವರಕ್ಕೆ ಏರುತ್ತಾ ಹೋಗುತ್ತವೆ. ನಾವು ಸ-ಪ-ಸ-ಪ ಎಂದು, ಹಾಡುವವರ ದನಿಗೆ ತಕ್ಕ ಹಾಗೆ ಇಳಿಸಿ ಕಟ್ಟುತ್ತೇವೆ. ತಂತಿ ಸಡಿಲಾದರೆ, ಅದನ್ನು ಎತ್ತಿ ಹಿಡಿಯುವ ಕುದುರೆಯ ಮೇಲಿನ ಭಾರ ಇಳಿಯುತ್ತದೆ, ದನಿ ಮಂಕಾಗುತ್ತದೆ. ಅಲ್ಲಿಯ ರಿಪೇರಿಯವನು ಒಳ್ಳೆಯ ಮನಸ್ಸಿನಿಂದಲೇ ತನ್ನ ಲೆಕ್ಕಕ್ಕೆ ವಾದ್ಯ ಹೊಂದಿಸಿ ಕೊಡುತ್ತಾನೆ, ನಮ್ಮ ಹುಡುಗ ಮನೆಗೆ ಒಯ್ದು ಶ್ರುತಿ ಇಳಿಸಿದ ಕೂಡಲೇ ಅದು ಬಾಯಿ ಮುಚ್ಚುತ್ತದೆ. ಹಾಗಾಗಿ ದಪ್ಪ ತಂತಿ ಹುಡುಕುವುದು, ಕುದುರೆಯ ಎತ್ತರ ಮತ್ತೆ ನೋಡುವುದು, ಹಲಗೆಗಳ ನಡುವೆ ನಿಲ್ಲುವ ಒಳಗಂಬವನ್ನು ಕೂದಲೆಳೆಯಷ್ಟು ಸರಿಸುವುದು, ಇಳಿಸಿದ ಶ್ರುತಿಗೆ ತಕ್ಕಂತೆ ಇದನ್ನೆಲ್ಲ ಮಾಡುವ ಹದ ನಿನ್ನ ಕೈಯಲ್ಲಿದೆ.

ವಾದ್ಯವನ್ನು ಬೇಕಾದ ಹಾಗೆ ಹೊಂದಿಸಿಕೊಳ್ಳುವ ಧೈರ್ಯ ನಮ್ಮ ನಾಡಿಗೆ ಹೊಸದಲ್ಲ. ತಿರುಮಕೂಡಲಿನ ಪಿಟೀಲು ಚೌಡಯ್ಯನವರು ನಾಲ್ಕು ತಂತಿಯ ವಾದ್ಯಕ್ಕೆ ಏಳು ತಂತಿ ಹಾಕಿಕೊಂಡರು, ಮೈಕು ಇಲ್ಲದ ಕಾಲದಲ್ಲಿ ಹಿಂದಿನ ಸಾಲಿಗೂ ಕೇಳಲಿ ಎಂದು. ಏಳು ತಂತಿ ಎಂದರೆ ಏಳು ಬಿರಡೆ, ಅಷ್ಟೂ ಭಾರ ಹೊರುವ ಕುದುರೆ. ಯಾರೋ ಒಬ್ಬ ಮರಗೆಲಸದವನು ಅವರ ಎದುರು ಕೂತು, ಅವರ ಮಾತು ಕೇಳಿ ಅದನ್ನು ಮಾಡಿಕೊಟ್ಟಿರಲೇಬೇಕು. ವಾದಕನಿಗೂ ಕಸುಬುದಾರನಿಗೂ ನಡುವೆ ನಡೆಯುವ ಆ ಮಾತುಕತೆಯನ್ನೇ ನೀನು ಕಲಿಸಬೇಕಾದ್ದು. ಉಳಿ ಹಿಡಿಯುವುದನ್ನು ಅವರು ಆಗಲೇ ಬಲ್ಲರು.

ಈಗ ಎಲ್ಲಕ್ಕಿಂತ ದೊಡ್ಡ ಮಾತಿಗೆ ಬರುತ್ತೇನೆ. ಅದು ಅಂಟಿನ ಮಾತು.

ನಮ್ಮ ಊರುಗಳಲ್ಲಿ ಒಡೆದ ವಯೊಲಿನ್ ಬಂದರೆ ಜನ ಸಿಕ್ಕಿದ್ದು ಹಚ್ಚುತ್ತಾರೆ. ಬಿಳಿ ಅಂಟು, ಎರಡು ಕೊಳವೆಯಿಂದ ಹಿಂಡಿ ಕಲಸುವ ಅಂಟು, ಸೈಕಲ್ ಅಂಗಡಿಯ ಅಂಟು. ಅಂಟುವುದೇನೋ ಗಟ್ಟಿಯಾಗಿಯೇ ಅಂಟುತ್ತದೆ. ಕೇಡು ಇರುವುದು ಅದರಲ್ಲೇ. ಮುಂದೆ ಹಲಗೆ ಒಣಗಿ ಎಳೆದಾಗ ಅಂಟು ಬಿಡುವುದಿಲ್ಲ, ಮರ ಸೀಳುತ್ತದೆ. ಸರೇಸು ಹಾಗಲ್ಲ. ತೊಗಲು, ಎಲುಬು ಕುದಿಸಿ ತೆಗೆದ ಆ ಹಳೆಯ ಅಂಟು, ವಾದ್ಯಕ್ಕೆ ಸಂಕಟ ಬಂದಾಗ ಮರಕ್ಕಿಂತ ಮೊದಲು ತಾನು ಸೋಲುತ್ತದೆ. ಅಂಚು ಬಿಚ್ಚುತ್ತದೆ, ಹಲಗೆ ಉಳಿಯುತ್ತದೆ. ಮತ್ತೆ ಬಿಚ್ಚಬೇಕಾದರೆ ಬಿಸಿ ಮಾಡಿದ ತೆಳ್ಳನೆಯ ಚೂರಿ, ನಾಲ್ಕು ಹನಿ ನೀರು ಸಾಕು. ಮೇಲಿನ ಹಲಗೆಗೆ ಬೇಕೆಂದೇ ತೆಳುವಾದ ಸರೇಸು ಹಚ್ಚುವುದು ಇದೇ ಕಾರಣಕ್ಕೆ, ಮುಂದೊಂದು ದಿನ ಅದನ್ನು ತೆರೆಯುವವರು ಬರುತ್ತಾರೆಂದು ಗೊತ್ತಿದ್ದು.

ಕ್ರೆಮೋನಾದ ವಯೊಲಿನ್ ಕಸುಬುದಾರ ಸ್ಟ್ರಾಡಿವಾರಿ 1737ರಲ್ಲಿ ತೀರಿಕೊಂಡ. ಅವನ ವಯೊಲಿನ್ನುಗಳು ಇಂದಿಗೂ ಕಚೇರಿಗಳಲ್ಲಿ ನುಡಿಯುತ್ತಿವೆ. ಅವನ ಕೈಯಿಂದ ಹೊರಬಿದ್ದ ಹಾಗೆಯೇ ಅವು ಉಳಿದಿವೆ ಎಂದು ಯಾರಾದರೂ ತಿಳಿದಿದ್ದರೆ ತಪ್ಪು. ಸಭಾಂಗಣಗಳು ದೊಡ್ಡದಾಗಿ, ಶ್ರುತಿ ಏರಿ, ತಂತಿಯ ಬಿಗಿ ಹೆಚ್ಚಿದಾಗ, ಹೆಚ್ಚುಕಡಿಮೆ ಅವೆಲ್ಲವನ್ನೂ ಬಿಚ್ಚಿ ಕುತ್ತಿಗೆ ಬದಲಿಸಿದರು, ಒಳಗಿನ ಪಟ್ಟಿಯನ್ನು ಗಟ್ಟಿ ಮಾಡಿದರು. ಬಿಚ್ಚಲು ಬಂತು, ಅದಕ್ಕೇ ಉಳಿದವು. ನೀನು ಅಲ್ಲಿ ಯಾವ ವಾದ್ಯಕ್ಕೆ ಕೈ ಹಾಕಿದರೂ ನಿನ್ನ ನಂತರ ಅದನ್ನು ತೆರೆಯುವವನೊಬ್ಬ ಇದ್ದಾನೆ ಎಂಬುದನ್ನು ನೆನಪಿಡು. ಅವನಿಗೆ ತೊಂದರೆಯಾಗದ ಹಾಗೆ ಕೆಲಸ ಮಾಡು, ಮಾಡಿಸು.

ಸರೇಸಿನ ಕೆಲಸ ಅಲ್ಲಿ ನಿನಗೆ ಸ್ವಲ್ಪ ಹೊಸದೆನಿಸೀತು. ರಾತ್ರಿ ನೆನೆಹಾಕಿ, ಬೆಳಿಗ್ಗೆ ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸುವುದು, ತೆಳ್ಳನೆಯ ಗಂಜಿಯ ಹದಕ್ಕೆ ತರುವುದು, ಕುದಿ ಬಾರದಂತೆ ಸುಮಾರು 60 ಡಿಗ್ರಿಯಲ್ಲಿ ಕಾಯುವುದು, ಇಷ್ಟು ಎಲ್ಲಿಯೂ ಒಂದೇ. ಆದರೆ ನಮ್ಮ ಬಿಸಿಲಿನಲ್ಲಿ ಸರೇಸು ಹಚ್ಚಿದ ಮೇಲೂ ಜೋಡಿಸಲು ಒಂದಿಷ್ಟು ಹೊತ್ತು ಸಿಗುತ್ತದೆ. ಚಳಿಯ ದೇಶದಲ್ಲಿ ತಣ್ಣನೆಯ ಮರಕ್ಕೆ ತಾಗಿದ ಕೂಡಲೇ ಹೆಪ್ಪುಗಟ್ಟುತ್ತದೆ. ಮೊದಲು ಮರ ಬೆಚ್ಚಗೆ ಮಾಡಿಕೊ, ಹಿಡಿಕಟ್ಟುಗಳನ್ನೆಲ್ಲ ಕೈಗೆಟುಕುವಂತೆ ಜೋಡಿಸಿಟ್ಟುಕೊ, ಆಮೇಲೆ ಕುಂಚ ಅದ್ದು. ಇದನ್ನು ಅಲ್ಲಿಯ ಕಸುಬುದಾರರು ನಿನಗೇ ಕಲಿಸುತ್ತಾರೆ. ಕಲಿತುಕೊ. ಕಲಿಸಲು ಹೋದವಳು ಕಲಿಯುವುದನ್ನು ಕಂಡರೆ ಅವರಿಗೂ ಮನಸ್ಸು ತೆರೆಯುತ್ತದೆ.

ಹವೆಯ ಮಾತೂ ಹೀಗೆಯೇ. ನಮ್ಮದು ಒಂದೇ ಜಿಲ್ಲೆ, ಆದರೂ ನವಲಗುಂದದ ಎರಿಭೂಮಿಯ ಬೇಸಿಗೆಗೂ ಕಲಘಟಗಿಯ ಮಳೆಗಾಲಕ್ಕೂ ಎಷ್ಟು ಅಂತರ! ಒಂದು ಕಡೆ ಬಿರಡೆ ಒಣಗಿ ಜಾರುತ್ತದೆ, ಇನ್ನೊಂದು ಕಡೆ ಉಬ್ಬಿ ಕಚ್ಚಿಕೊಳ್ಳುತ್ತದೆ. ಎರಡನ್ನೂ ನೀನು ಕೈಯಾರೆ ನೋಡಿದ್ದೀ. ಹೊರದೇಶದ ಮನೆಗಳಲ್ಲಿ ಚಳಿಗಾಲಕ್ಕೆ ಒಳಗೆಲ್ಲ ಬಿಸಿಗಾಳಿ ಹರಿಸುತ್ತಾರೆ, ಆಗ ಗಾಳಿಯ ತೇವ ಬತ್ತಿಹೋಗುತ್ತದೆ. ಮಿರಜದಿಂದ ಆಸೆಪಟ್ಟು ತರಿಸಿದ ತಂಬೂರಿಯ ಸೋರೆ ಬುರುಡೆ ಮೊದಲ ಚಳಿಗಾಲದಲ್ಲೇ ಬಿರುಕು ಬಿಡುವುದು ಇದರಿಂದ. ತೇವ ನೂರಕ್ಕೆ 40ರಿಂದ 60ರೊಳಗೆ ಇರಲಿ, ಕೋಣೆಯಲ್ಲಿ ಅದನ್ನು ಅಳೆಯುವ ಸಣ್ಣ ಯಂತ್ರ ಇಟ್ಟುಕೊಳ್ಳಿ ಎಂದು ಪ್ರತಿ ಮನೆಯವರಿಗೂ ಹೇಳು. ಅರ್ಧ ದುರಸ್ತಿ ಅಲ್ಲಿಗೇ ತಪ್ಪುತ್ತದೆ.

ತಂಬೂರಿಯ ಮಾತು ಬಂತಲ್ಲ, ಅದನ್ನು ಬಿಡಬೇಡ. ನಿನ್ನನ್ನು ಕರೆದದ್ದು ವಯೊಲಿನ್ನಿಗೇ ಇರಬಹುದು. ಆದರೆ ವಯೊಲಿನ್ ಸರಿಯಾಗಿದೆಯೋ ಇಲ್ಲವೋ ಎಂದು ಹೇಳುವುದು ಕೊನೆಗೂ ಕಿವಿ, ಆ ಕಿವಿಯನ್ನು ತಯಾರು ಮಾಡುವುದು ತಂಬೂರಿ. ನೀನು ಗಾಯಕ ಸವಾಯಿ ಗಂಧರ್ವರ ಊರಾದ ಕುಂದಗೋಳದವಳು. ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದ ಈ ಸಣ್ಣ ಊರಿಗೆ ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲು ಹತ್ತಿ ಬಂದು ಕಲಿತರು, ಹುಡುಗ ಭೀಮಸೇನ ಜೋಶಿ ಗುರುವಿನ ಮನೆಗೆ ನೀರು ಹೊತ್ತು ಕಲಿತರು. ನಾಡಿಗೇರ ವಾಡೆಯಲ್ಲಿ ಬೆಳತನಕ ನಡೆಯುವ ಸಂಗೀತದಲ್ಲಿ ತಂಬೂರಿ ಸೇರಿಸಲು ಕಲಾವಿದರು ಎಷ್ಟು ಹೊತ್ತು ಕೂಡುತ್ತಾರೆ, ಸಭೆ ಎಷ್ಟು ತಾಳ್ಮೆಯಿಂದ ಕಾಯುತ್ತದೆ ಎಂಬುದನ್ನು ನೀನು ಕಂಡಿದ್ದೀ. ಸವಾಯಿ ಗಂಧರ್ವರ ಗುರು ಅಬ್ದುಲ್ ಕರೀಂ ಖಾನರು ವಾದ್ಯದ ಕೆಲಸವನ್ನು ತಮ್ಮ ಕೈಯಿಂದಲೇ ಮಾಡಬಲ್ಲವರಾಗಿದ್ದರು. ಅಷ್ಟು ದೊಡ್ಡ ಗಾಯಕರು ಅರ ಹಿಡಿದು ಕೂಡಲು ಹಿಂಜರಿಯಲಿಲ್ಲ. ಅವರು ನೆಲೆಸಿದ್ದ ಮಿರಜದ ಸಿತಾರ್ ಗಲ್ಲಿಯ ಕಸುಬು ಫರೀದ್ ಸಾಹೇಬರಿಂದ, 19ನೆಯ ಶತಮಾನದ ನಡುವೆ ಬೆಳೆದದ್ದು. ಅವರದು ಆಯುಧ ಮಾಡುವ, ಸಾಣೆ ಹಿಡಿಯುವ ಶಿಕಲಗಾರರ ಮನೆತನ. ಕತ್ತಿ ಕೇಳುವವರು ಕಡಿಮೆಯಾದಾಗ ಅದೇ ಕೈ ತಂತಿವಾದ್ಯಕ್ಕೆ ತಿರುಗಿತು. 2024ರಲ್ಲಿ ಮಿರಜದ ಸಿತಾರ್, ತಂಬೂರಿಗಳಿಗೆ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆಯೂ ಬಂತು. ತಂಬೂರಿಯ ಕುದುರೆಯ ಮೈಯನ್ನು ಅರದಿಂದ ಸವರಿ, ತಂತಿಯಡಿ ಹತ್ತಿಯ ಎಳೆ ಇಟ್ಟು ಜವಾರಿ ಎಂಬ ಝೇಂಕಾರ ತೆಗೆಯುವುದನ್ನು ಅಲ್ಲಿಯ ಕಸುಬುದಾರರಿಗೆ ತೋರಿಸು. ಸಾವಿರ ವಯೊಲಿನ್ ತೆರೆದವರೂ ಇದನ್ನು ನೋಡಿರುವುದಿಲ್ಲ. ಅರ ಆಡಿಸುವುದು ನಾಲ್ಕು ಸಲ, ಕಿವಿಗೊಡುವುದು ನಲವತ್ತು ಸಲ. ಇದನ್ನು ನೋಡಿದವರಿಗೆ ನೀನು ಬೇರೆ ಉಪನ್ಯಾಸ ಕೊಡಬೇಕಿಲ್ಲ.

ಮೊದಲ ದಿನ ಪೆಟ್ಟಿಗೆ ಬಿಚ್ಚಬೇಡ. ಒಬ್ಬೊಬ್ಬರೂ ತಮ್ಮ ವಾದ್ಯ ತಂದು ಅದರ ನೋವು ಹೇಳಲಿ. ವಾದಕರು ದನಿಯ ಭಾಷೆಯಲ್ಲಿ ಹೇಳುತ್ತಾರೆ, ಮೂಗಿನಲ್ಲಿ ಹಾಡುತ್ತದೆ, ಗೊರಗೊರ ಅನ್ನುತ್ತದೆ ಅಂತ. ಕಸುಬುದಾರರು ಅಳತೆಯ ಭಾಷೆಯಲ್ಲಿ ಹೇಳುತ್ತಾರೆ. ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವವಳು ನೀನು. ಬೆರಳಿನ ಗೆಣ್ಣಿನಿಂದ ಹಲಗೆಯ ಅಂಚಿನ ಸುತ್ತ ಮೆಲ್ಲಗೆ ತಟ್ಟುತ್ತಾ ಬರಲು ಹೇಳು. ಅಂಟು ಬಿಟ್ಟ ಜಾಗ ಪೊಳ್ಳು ದನಿ ಕೊಡುತ್ತದೆ. ವಾದಕರು ಅದನ್ನು ಕಸುಬುದಾರರಿಗಿಂತ ಮೊದಲೇ ಹಿಡಿಯುವುದುಂಟು, ಆಗ ಅವರ ಮುಖ ಅರಳುವುದನ್ನು ನೋಡು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ ಮಕ್ಕಳು ಕಿವಿ, ಬೆರಳುಗಳಿಂದಲೇ ವಾದ್ಯ ಕಲಿತು ಹೊರಬಂದರು. ಸ್ವತಃ ಕಣ್ಣಿಲ್ಲದ ಪುಟ್ಟರಾಜ ಗವಾಯಿಗಳು ಎಷ್ಟೊಂದು ವಾದ್ಯ ನುಡಿಸುತ್ತಿದ್ದರು, ವಯೊಲಿನ್ ಕೂಡ ಅವುಗಳಲ್ಲಿ ಒಂದು. ಆ ಆಶ್ರಮದ ಪಾಠವನ್ನು ಜೊತೆಗೆ ಒಯ್ಯು. ಪರದೆಯ ಮೇಲೆ ಚಿತ್ರ ತೋರಿಸುವುದು ಕಡಿಮೆಯಾಗಲಿ, ಬೆರಳಿಗೆ ಕೊಡುವುದು ಹೆಚ್ಚಾಗಲಿ. ನಿನ್ನ ಇಂಗ್ಲಿಷಿನ ಚಿಂತೆಯೂ ಅಲ್ಲಿಗೆ ಮುಗಿಯಿತು.

ವಾದಕರಿಗೆ ಕೆಲವು ಮಾತು ಮತ್ತೆಮತ್ತೆ ಹೇಳು. ಹೊಸ ತಂತಿ ಹಾಕುವಾಗ ನಾಲ್ಕನ್ನೂ ಒಮ್ಮೆಗೇ ಬಿಚ್ಚಬಾರದು. ಮೇಲಿನ ಒತ್ತಡ ಹೋದರೆ ಒಳಗಂಬ ಬಿದ್ದುಹೋಗುತ್ತದೆ, ಅದಕ್ಕೆ ಅಂಟು ಇರುವುದಿಲ್ಲ, ಎರಡು ಹಲಗೆಗಳ ನಡುವಿನ ಹಿಡಿತದಲ್ಲೇ ನಿಂತಿರುತ್ತದೆ. ಬಿದ್ದ ಒಳಗಂಬವನ್ನು ಮನೆಯಲ್ಲಿ ಕಡ್ಡಿ ತೂರಿಸಿ ನಿಲ್ಲಿಸಲು ಹೋಗಬಾರದು. ನುಡಿಸಿದ ಮೇಲೆ ರಾಳದ ಪುಡಿಯನ್ನು ಮೆತ್ತನೆಯ ಒಣಬಟ್ಟೆಯಿಂದ ಒರೆಸಬೇಕು, ಇಲ್ಲದಿದ್ದರೆ ಅದು ಬೆವರಿನ ಜೊತೆ ವಾರ್ನಿಷನ್ನು ತಿನ್ನುತ್ತದೆ. ನಮ್ಮ ಮನೆಗಳವರಿಗೆ ಒಂದು ಸೂಕ್ಷ್ಮದ ಮಾತಿದೆ, ಅದನ್ನು ನೀನೇ ಹೇಳಬಲ್ಲೆ. ದಸರೆಯ ಖಂಡೇ ಪೂಜೆಯ ದಿನ ಭಕ್ತಿಯಿಂದ ವಯೊಲಿನ್ನಿಗೆ ಅರಿಸಿನ, ಕುಂಕುಮ ಹಚ್ಚುತ್ತಾರೆ. ಆ ಕಲೆ ವಾರ್ನಿಷಿನೊಳಗೆ ಇಳಿದರೆ ತೆಗೆಯಲು ಬಾರದು. ಪರದೇಶದ ರಿಪೇರಿಯವನು ಇದನ್ನು ಹೇಳಿದರೆ ಅವರಿಗೆ ನೋವಾಗುತ್ತದೆ. ನೀನು ಮನೆಯ ಮಗಳಾಗಿ ಹೇಳು: ಪೂಜೆ ಮಾಡಿರಿ ತಾಯಿ, ಕುಂಕುಮವನ್ನು ಪೆಟ್ಟಿಗೆಯ ಮೇಲೆ ಹಚ್ಚಿರಿ, ವಾದ್ಯಕ್ಕೆ ಹೂವು ಇಡಿರಿ ಎಂದು.

ಹಳೆಯ ವಾರ್ನಿಷ್ ಕೆರೆದು ಹೊಸದು ಬಳಿಯುವ ಆಸೆಗೆ ಯಾರನ್ನೂ ಬೀಳಗೊಡಬೇಡ. ಕಲಘಟಗಿಯ ತೊಟ್ಟಿಲು ಮಾಡುವವರು ಬಣ್ಣಕ್ಕೆ ಅರಗಿನ ಹೊಳಪು ಕೊಡುವುದನ್ನು ನೋಡಿ ಬೆಳೆದವಳು ನೀನು. ಆ ತೊಟ್ಟಿಲು ಮೂರು ತಲೆಮಾರು ತೂಗಿದರೂ ಬಣ್ಣ ಮಾಸದಿರುವುದಕ್ಕೆ ಕಾರಣ ಹದವಾಗಿ, ತೆಳುವಾಗಿ ಹಚ್ಚಿದ ಪದರ. ಪಶ್ಚಿಮದ ವಾದ್ಯ ರಿಪೇರಿಯವರು ಬಣ್ಣ ಹೋದ ಕಡೆ ತೇಪೆ ಹಾಕಲು ಬಳಸುವ ಅರಗಿನಲ್ಲಿ ದೊಡ್ಡ ಪಾಲು ಹೋಗುವುದು ಭಾರತದಿಂದಲೇ. ಎಲ್ಲಿ ಹೋಗಿದೆಯೋ ಅಷ್ಟಕ್ಕೆ ಹಚ್ಚು, ಉಳಿದದ್ದನ್ನು ಮುಟ್ಟಬೇಡ.

ಗುಟ್ಟಿನ ಬಗ್ಗೆಯೂ ಹೇಳಬೇಕು. ನವಲಗುಂದದ ಜಮಖಾನೆಯ ನೇಯ್ಗೆ ನಿನಗೆ ಗೊತ್ತು. ಹೆಂಗಸರೇ ಮಗ್ಗದ ಮುಂದೆ ಕೂತು ನೇಯುವ ಆ ವಿದ್ಯೆಯನ್ನು ಸೊಸೆಗೆ ಕಲಿಸುತ್ತಿದ್ದರು, ಮಗಳಿಗೆ ಕಲಿಸುತ್ತಿರಲಿಲ್ಲ. ಮಗಳು ಮದುವೆಯಾಗಿ ಬೇರೆ ಮನೆಗೆ ಹೋದರೆ ಗುಟ್ಟೂ ಹೋಗುತ್ತದೆ ಎಂಬ ಭಯ. ಆ ಭಯವನ್ನು ನಾನು ದೂರುವುದಿಲ್ಲ, ಅದು ಹೊಟ್ಟೆಪಾಡಿನ ಭಯ. ಆದರೆ ಇವತ್ತು ಜಮಖಾನೆಗೆ ಜಿಐ ಗುರುತು ಬಂದಿದೆ, ನೇಯುವ ಮನೆಗಳು ಮಾತ್ರ ಬೆರಳೆಣಿಕೆಯಷ್ಟು ಉಳಿದಿವೆ. ಬಚ್ಚಿಟ್ಟ ವಿದ್ಯೆಗೆ ಆ ಗತಿ ಬಂದದ್ದನ್ನು ಕಣ್ಣೆದುರೇ ನೋಡಿ, ನಾನು ನಿನಗೆ ಏನನ್ನೂ ಮುಚ್ಚಿಡಲಿಲ್ಲ. ನೀನೂ ಅಲ್ಲಿ ಮುಚ್ಚಿಡಬೇಡ. ಕುದುರೆ ಕತ್ತರಿಸುವ ಅಚ್ಚು, ನಾವು ಮಾಡಿಕೊಂಡ ಬಿರಡೆಯ ಹದ, ಸೀಳಿಗೆ ಒಳಗಿನಿಂದ ಸಣ್ಣ ತುಂಡು ಕೂಡಿಸುವ ರೀತಿ, ಎಲ್ಲ ಬರೆದುಕೊಡು, ಅವರು ನಕಲು ತೆಗೆದುಕೊಳ್ಳಲಿ. ಪ್ರತಿ ವಾದ್ಯಕ್ಕೂ ಒಂದು ಹಾಳೆ ಇರಲಿ, ಬಂದಾಗ ಹೇಗಿತ್ತು, ಏನು ಮಾಡಿದೆವು, ಯಾವ ಅಂಟು ಹಚ್ಚಿದೆವು ಎಂದು. ಫೋಟೊ ಹಚ್ಚಿ ಇಡು. ಮುಂದೆ ತೆರೆಯುವವನಿಗೆ ಆ ಹಾಳೆಯೇ ದೊಡ್ಡ ಉಪಕಾರ.

ಹೊರದೇಶದಲ್ಲಿ ಹೀಗೆ ತಿರುಗಿ ಕಲಿಸುವವರ ಸಂಸ್ಥೆಗಳೂ ಇವೆ. ಲೂಥಿಯರ್ಸ್ ಸಾನ್ಸ್ ಫ್ರಾಂಟಿಯರ್ಸ್ ಎಂಬ ಗುಂಪಿನವರು ಹೈಟಿಯಂಥ ಬಡ ದೇಶಗಳಿಗೆ ಹೋಗಿ ಅಲ್ಲಿಯ ಯುವಕರಿಗೇ ತಂತಿವಾದ್ಯ ರಿಪೇರಿ ಕಲಿಸಿದರು. ವಾದ್ಯ ಕಳಿಸುವುದು ಸುಲಭ, ಅದನ್ನು ಕಾಪಾಡುವ ಕೈ ಆ ಊರಲ್ಲೇ ಇರಬೇಕು ಎಂಬುದು ಅವರು ಕಂಡುಕೊಂಡ ದಾರಿ. ಅಂಥವರ ಪರಿಚಯ ಮಾಡಿಕೊ. ಕೊನೆಯ ವಾರ ನೀನು ಹಿಂದೆ ಕೂಡು, ನಿನ್ನ ಶಿಷ್ಯರಲ್ಲೇ ಒಬ್ಬರು ಮುಂದೆ ನಿಂತು ಕಲಿಸಲಿ. ಅವರು ತಡವರಿಸಿದಾಗ ನಿನ್ನ ನಾಲಿಗೆ ತುರಿಸುತ್ತದೆ, ಸುಮ್ಮನಿರು. ನೀನು ಬಂದ ಮೇಲೂ ಅಲ್ಲಿ ಕೆಲಸ ನಡೆದರೆ ನೀನು ಕಲಿಸಿದಂತೆ. ನಡೆಯದಿದ್ದರೆ ನೀನು ಹೋಗಿ ರಿಪೇರಿ ಮಾಡಿ ಬಂದಂತೆ ಮಾತ್ರ.

ಹಣದ ವಿಷಯದಲ್ಲಿ ನೇರವಾಗಿರು. ಕಾರ್ಖಾನೆಯ ಅಗ್ಗದ ವಯೊಲಿನ್ ಬಂದರೆ, ರಿಪೇರಿಯ ಖರ್ಚು ಅದರ ಬೆಲೆಗಿಂತ ಹೆಚ್ಚಾಗುತ್ತದೆ ಎಂದು ಹೇಳಿಬಿಡು. ಅಜ್ಜನ ವಾದ್ಯ ಎಂಬ ಕಾರಣಕ್ಕೆ ಮಾಡಿಸುತ್ತೇವೆ ಎಂದರೆ ಅದೂ ಮಾನ್ಯ, ಆಗ ಮನಸ್ಸಿಟ್ಟು ಮಾಡು.

ಸಾಮಾನು ಕಟ್ಟುವಾಗ ಎಚ್ಚರ. ಹಳೆಯ ಪೆಟ್ಟಿಗೆಯಲ್ಲಿರುವ ಜಿಂಕೆಕೊಂಬಿನ ಕುದುರೆ, ದಂತದ ಚೂರು ಯಾವುದನ್ನೂ ಒಯ್ಯಬೇಡ. ನಮ್ಮ 1972ರ ವನ್ಯಜೀವಿ ಕಾಯ್ದೆಯಡಿ ಅದು ತಪ್ಪು, ಅಲ್ಲಿಯ ವಿಮಾನ ನಿಲ್ದಾಣದಲ್ಲೂ ತಪ್ಪು. ಬೀಟೆಮರದ ಕಚ್ಚಾ ತುಂಡು ಕೂಡ ಬೇಡ. ಬೀಟೆಯ ಜಾತಿಯ ಮರಗಳಿಗೆಲ್ಲ 2017ರಿಂದ ಅಂತರರಾಷ್ಟ್ರೀಯ ಅಂಕುಶವಿದೆ, 2019ರ ಕೊನೆಯಿಂದ ಸಿದ್ಧ ವಾದ್ಯಗಳಿಗೆ, ಸಿದ್ಧ ಭಾಗಗಳಿಗೆ ರಿಯಾಯಿತಿ ಕೊಟ್ಟಿದ್ದಾರೆ. ಕುದುರೆಗೆ ಅಲ್ಲಿ ಸಿಗುವ ಎಲುಬು, ಕರಿಮರ, ಗಟ್ಟಿ ಪ್ಲಾಸ್ಟಿಕ್ ಯಾವುದನ್ನಾದರೂ ಹಿಡಿದು ನೋಡು. ಉಳಿ, ಚೂರಿಗಳನ್ನು ಕೈಚೀಲದಲ್ಲಿ ಇಡದೆ ದೊಡ್ಡ ಪೆಟ್ಟಿಗೆಯಲ್ಲಿ ಹಾಕು.

ಇನ್ನೊಂದು ಕೆಲಸ ನಿನ್ನ ಮೇಲಿದೆ, ಅದು ನೀನು ಮರಳಿ ಬಂದ ಮೇಲಿನದು. ನಮ್ಮ ಹಳ್ಳಿಗಳ ಭಜನಾ ಮಂಡಳಿಗಳಲ್ಲಿ ಸ್ವರ ಸತ್ತ ಹಾರ್ಮೋನಿಯಂ ಪೇಟಿಗಳಿವೆ, ಅಟ್ಟಗಳ ಮೇಲೆ ಬುರುಡೆ ಒಡೆದ ತಂಬೂರಿಗಳಿವೆ, ಶಾಲೆಗಳ ಕಪಾಟಿನಲ್ಲಿ ತಂತಿ ಹರಿದ ವಯೊಲಿನ್ನುಗಳಿವೆ. ಅವನ್ನು ಹುಬ್ಬಳ್ಳಿಗೋ ಮಿರಜಕ್ಕೋ ಒಯ್ಯುವ ಶಕ್ತಿ ಎಲ್ಲರಿಗೂ ಇಲ್ಲ. ಅಲ್ಲಿ ಕಲಿಸಿದ್ದನ್ನೇ ಇಲ್ಲಿ ಕಲಿಸು. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ, ಒಂದೊಂದು ತಾಲೂಕಿನಿಂದ ಇಬ್ಬರು ಮಕ್ಕಳನ್ನು ಆರಿಸು, ಅವರಲ್ಲಿ ಒಬ್ಬಳು ಹುಡುಗಿಯಾಗಿರಲಿ. ತೊಟ್ಟಿಲು ಮಾಡುವ ಮನೆಯ ಮಕ್ಕಳಿಗೆ ಮೊದಲು ಕೇಳು, ಅವರ ಕೈಗೆ ಮರ ಆಗಲೇ ಗೊತ್ತು. ಕೂಡಲು ನನ್ನ ಪಡಸಾಲೆಯಿದೆ. ಮಧ್ಯಾಹ್ನದ ರೊಟ್ಟಿಯ ಜವಾಬ್ದಾರಿ ನನ್ನದು. ಬರುವಾಗ ಒಳಗಂಬ ನಿಲ್ಲಿಸುವ ಆ ಬಾಗಿದ ಕಬ್ಬಿಣ ಎಂಟು ತಗೊಂಡು ಬಾ.